ಶುಗರ್ ಇದ್ದವರಿಗೆ ಲಕ್ವ: ತೂಕದ ಪಾಲು ಎಷ್ಟು?

ಶುಗರ್ ಇದೆ ಎಂದು ಗೊತ್ತಾದ ದಿನವೇ ಸಿಗುವ ಮೊದಲ ಸಲಹೆ ತೂಕ ಇಳಿಸಿ ಎಂಬುದು. ಡಾಕ್ಟರು ಹೇಳುತ್ತಾರೆ, ಪಕ್ಕದ ಮನೆಯವರು ಹೇಳುತ್ತಾರೆ, ಬೆಳಗಿನ ವಾಕಿಂಗ್‌ನಲ್ಲಿ ಪರಿಚಯವಾದವರೂ ಹೇಳುತ್ತಾರೆ. ಸಲಹೆ ತಪ್ಪಲ್ಲ. ಆದರೆ 2015ರಲ್ಲಿ ಅಮೆರಿಕದ 'ಸ್ಟ್ರೋಕ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಒಂದು ವರದಿ ಓದಿದವರಿಗೆ ಗೊಂದಲವಾಗಿದ್ದು ನಿಜ. ಲೂಯಿಸಿಯಾನ ರಾಜ್ಯದ ಸಾರ್ವಜನಿಕ ಆಸ್ಪತ್ರೆಗಳಿಗೆ ಬರುತ್ತಿದ್ದ, ಬಹುಪಾಲು ಬಡವರೇ ಆಗಿದ್ದ, ಟೈಪ್ 2 ಮಧುಮೇಹದ ಸುಮಾರು 30 ಸಾವಿರ ರೋಗಿಗಳನ್ನು ಸರಾಸರಿ ಎಂಟು ವರ್ಷಕ್ಕೂ ಮೀರಿ ಗಮನಿಸಿದ ಅಧ್ಯಯನ ಅದು. ದಪ್ಪಗಿದ್ದವರಲ್ಲಿ ಪಾರ್ಶ್ವವಾಯು ಹೆಚ್ಚಿರಬೇಕಿತ್ತಲ್ಲವೇ? ಕಂಡದ್ದು ಉಲ್ಟಾ. ತೂಕ ಹೆಚ್ಚಿದ್ದವರಲ್ಲಿ ಕಡಿಮೆ, ತೆಳ್ಳಗಿದ್ದವರಲ್ಲಿ ಹೆಚ್ಚು. ಕಪ್ಪು ಜನರಲ್ಲೂ ಬಿಳಿಯರಲ್ಲೂ ಅದೇ ಕಥೆ.

ಇದನ್ನು ಓದಿ ಹೋಳಿಗೆಗೆ ಇನ್ನೊಂದು ಚಮಚ ತುಪ್ಪ ಬಡಿಸಿಕೊಳ್ಳುವ ಮುಂಚೆ ಸ್ವಲ್ಪ ತಾಳಿ. ಲೂಯಿಸಿಯಾನದ ಲೆಕ್ಕ ಸುಳ್ಳಲ್ಲ. ಆದರೆ ಅದು ಹೇಳುತ್ತಿರುವುದು ದಪ್ಪಗಿರುವುದು ಒಳ್ಳೆಯದು ಎಂಬ ಮಾತನ್ನಲ್ಲ. ತೆಳ್ಳಗಿರುವ ಮಧುಮೇಹಿಗಳ ಬಗ್ಗೆ ನಾವು ಅಂದುಕೊಂಡಿರುವುದು ತಪ್ಪು ಎಂಬುದನ್ನು. ಅದು ನಮ್ಮ ದೇಶಕ್ಕೆ ಅಮೆರಿಕಕ್ಕಿಂತ ಹೆಚ್ಚು ಅನ್ವಯಿಸುವ ಸಂಗತಿ.

ಮೊದಲು ಬುಡದಿಂದ ನೋಡೋಣ. ಲಕ್ವ ಹೊಡೆಯಿತು, ಸ್ಟ್ರೋಕ್ ಆಯಿತು, ಒಂದು ಪಕ್ಕ ಬಿದ್ದುಹೋಯಿತು ಎಂದು ನಾವು ಬೇರೆ ಬೇರೆ ರೀತಿಯಲ್ಲಿ ಹೇಳುವುದು ಒಂದೇ ಘಟನೆಯನ್ನು: ಮೆದುಳಿನ ಒಂದು ಭಾಗಕ್ಕೆ ರಕ್ತ ತಪ್ಪಿಹೋಗುವುದು. ಬಹುಪಾಲು ಸಲ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು ಹೀಗಾಗುತ್ತದೆ, ಉಳಿದ ಸಲ ನಾಳ ಒಡೆದು. ಮಧುಮೇಹ ಇದ್ದವರಲ್ಲಿ ಹೆಪ್ಪುಗಟ್ಟುವ ಬಗೆಯ ಲಕ್ವ ಎರಡು ಪಟ್ಟಿಗಿಂತ ಹೆಚ್ಚು. 2010ರಲ್ಲಿ ಸುಮಾರು ಏಳು ಲಕ್ಷ ಜನರ ಮಾಹಿತಿ ಒಟ್ಟುಗೂಡಿಸಿ ನೋಡಿದಾಗ ಸಿಕ್ಕ ಅಂಕಿ 2.27 ಪಟ್ಟು. ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದ ಸಕ್ಕರೆ ರಕ್ತನಾಳದ ಒಳಪದರವನ್ನು ಹಾಳು ಮಾಡುತ್ತದೆ. ಹಾಳಾದ ಜಾಗದಲ್ಲಿ ಕೊಬ್ಬು ಕೂರುತ್ತದೆ, ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಬಿಪಿ ಜೊತೆಗಿದ್ದರೆ ಈ ಕೆಲಸವೆಲ್ಲ ಬೇಗ ಬೇಗ ನಡೆಯುತ್ತದೆ.

ಇಲ್ಲಿ ತೂಕದ ಪಾತ್ರ ಏನು? ನಾವು ತೂಕ ಎಂದು ಅಳೆಯುತ್ತಿರುವುದಾದರೂ ಏನನ್ನು?

ಆಸ್ಪತ್ರೆಯಲ್ಲಿ ಬಿಎಂಐ ಎಂದು ಬರೆಯುವ ಸಂಖ್ಯೆ ಕಿಲೋ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಬರುವುದು. ಈ ಸೂತ್ರ ಹುಡುಕಿದ್ದು ಡಾಕ್ಟರಲ್ಲ, ಅಡಾಲ್ಫ್ ಕ್ವೆಟೆಲೆ ಎಂಬ ಬೆಲ್ಜಿಯಂನ ಖಗೋಳ ಮತ್ತು ಅಂಕಿಸಂಖ್ಯೆಗಳ ಪಂಡಿತ, 1830ರ ದಶಕದಲ್ಲಿ. ಸರಾಸರಿ ಮನುಷ್ಯ ಹೇಗಿರುತ್ತಾನೆ ಎಂದು ತಿಳಿಯುವುದು ಆತನ ಉದ್ದೇಶವಾಗಿತ್ತೇ ಹೊರತು ರೋಗ ಪತ್ತೆಯಲ್ಲ. ಬಿಎಂಐ ಎಂಬುದು ಕೂಡುಕುಟುಂಬದ ತಿಂಗಳ ಒಟ್ಟು ಖರ್ಚಿನ ಹಾಗೆ. ಮೊತ್ತ ಗೊತ್ತಾಗುತ್ತದೆ, ಯಾರು ಯಾತಕ್ಕೆ ಖರ್ಚು ಮಾಡಿದರು ಎಂಬುದು ಗೊತ್ತಾಗುವುದಿಲ್ಲ. ಸ್ನಾಯು ಎಷ್ಟು, ಮೂಳೆ ಎಷ್ಟು, ಕೊಬ್ಬು ಎಷ್ಟು, ಆ ಕೊಬ್ಬು ತೊಡೆಯಲ್ಲಿದೆಯೋ ಹೊಟ್ಟೆಯೊಳಗೆ ಲಿವರ್ ಸುತ್ತ ಇದೆಯೋ, ಯಾವುದನ್ನೂ ಅದು ಹೇಳದು.

ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೇ ಫೋಟೋ ಹಾಕಿ ಇದನ್ನು ತೋರಿಸಿದರು. ಇಬ್ಬರ ಬಿಎಂಐ ಕೂಡ 22.3. ಅಂದರೆ ಕಾಗದದ ಮೇಲೆ ಇಬ್ಬರೂ ಸರಿಯಾದ ತೂಕದವರು. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2. ಯುಡ್ಕಿನ್ ಮ್ಯಾರಥಾನ್ ಓಡುವವರು. ಯಾಜ್ಞಿಕ್ ಅವರ ಮುಖ್ಯ ವ್ಯಾಯಾಮವೆಂದರೆ ಆಸ್ಪತ್ರೆಯ ಲಿಫ್ಟ್ ಬಾಗಿಲು ಮುಚ್ಚುವುದರೊಳಗೆ ಓಡಿ ಒಳಸೇರುವುದು ಎಂದು ಆ ಲೇಖನದಲ್ಲೇ ತಮಾಷೆಯೂ ಇತ್ತು. ತಮಾಷೆ ಬದಿಗಿಟ್ಟರೆ, ಭಾರತೀಯರ ದೇಹದ ಬಗ್ಗೆ ಒಂದು ದೊಡ್ಡ ಮಾತನ್ನು ಆ ಫೋಟೋ ಹೇಳಿಬಿಟ್ಟಿತು. ಕೈಕಾಲು ಸಣ್ಣ, ಸ್ನಾಯು ಕಡಿಮೆ, ಹೊಟ್ಟೆಯೊಳಗೆ ಮಾತ್ರ ಕೊಬ್ಬು: ಇದು ನಮ್ಮ ಸಾಮಾನ್ಯ ಮೈಕಟ್ಟು.

ಅದಕ್ಕೇ ನಮ್ಮ ಗಡಿಗಳು ಬೇರೆ. ಐದು ಅಡಿ ಐದು ಇಂಚು ಎತ್ತರದ ವ್ಯಕ್ತಿಯನ್ನು ತೆಗೆದುಕೊಳ್ಳಿ. ಪಾಶ್ಚಾತ್ಯ ಲೆಕ್ಕದಲ್ಲಿ ಅವರಿಗೆ ಬೊಜ್ಜು ಎನ್ನಬೇಕಾದರೆ ತೂಕ ಸುಮಾರು 82 ಕೆಜಿ ಇರಬೇಕು. ಭಾರತೀಯರಿಗೆ 2009ರಲ್ಲಿ ತಜ್ಞರು ಒಪ್ಪಿಕೊಂಡ ಮಾನದಂಡದಂತೆ 63 ದಾಟಿದರೆ ಹೆಚ್ಚು ತೂಕ, 68 ದಾಟಿದರೆ ಬೊಜ್ಜು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಬಾರದು. ಪ್ಯಾಂಟಿನ ಸೈಜನ್ನು ಸೊಂಟದ ಅಳತೆ ಎಂದು ನಂಬಬೇಡಿ. ಹೊಟ್ಟೆ ಬಂದ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟಿಕೊಂಡು ಇಪ್ಪತ್ತು ವರ್ಷದಿಂದ ನನ್ನದು ಮೂವತ್ತನಾಲ್ಕೇ ಎನ್ನುತ್ತಿರುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆಳೆದುಕೊಳ್ಳದೆ ಟೇಪು ಸುತ್ತಬೇಕು.

ಲಕ್ವಕ್ಕೂ ಸೊಂಟಕ್ಕೂ ಇರುವ ಸಂಬಂಧ ಊಹೆಯಲ್ಲ. 'ಇಂಟರ್‌ಸ್ಟ್ರೋಕ್' ಎಂಬ ದೊಡ್ಡ ಅಂತರರಾಷ್ಟ್ರೀಯ ಅಧ್ಯಯನ 2010ರಲ್ಲಿ ಮೊದಲ ಫಲಿತಾಂಶ ಕೊಟ್ಟಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ಡೆನಿಸ್ ಕ್ಸೇವಿಯರ್ ಕೂಡ ಆ ತಂಡದಲ್ಲಿದ್ದರು. 22 ದೇಶಗಳ ಆ ಲೆಕ್ಕದಲ್ಲಿ ಬಿಎಂಐಗೂ ಲಕ್ವಕ್ಕೂ ನೇರ ನಂಟು ಕಾಣಲಿಲ್ಲ. ಸೊಂಟ ಮತ್ತು ನಿತಂಬದ ಅಳತೆಗಳ ಅನುಪಾತಕ್ಕೆ ಮಾತ್ರ ಸ್ಪಷ್ಟ ನಂಟಿತ್ತು. ಲಕ್ವದ ಕಾರಣಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ರಕ್ತದೊತ್ತಡ.

ಈಗ ಲೂಯಿಸಿಯಾನದ ಒಗಟಿಗೆ ಬರೋಣ. ತೆಳ್ಳಗಿನ ಮಧುಮೇಹಿಗಳಲ್ಲಿ ಲಕ್ವ ಹೆಚ್ಚೇಕೆ? ಇದಕ್ಕೆ ಒಂದೇ ಉತ್ತರವಿಲ್ಲ, ಹಲವು ಸೇರಿಕೊಂಡಿವೆ.

ಅತಿ ಮುಖ್ಯವಾದದ್ದು, ಕಾಯಿಲೆಯೇ ಮೈ ಇಳಿಸುತ್ತದೆ. ಶುಗರ್ ಹತೋಟಿ ತಪ್ಪಿದಾಗ ದೇಹ ಸಕ್ಕರೆಯನ್ನು ಮೂತ್ರದಲ್ಲಿ ಕಳೆದುಕೊಂಡು ಸ್ನಾಯುವನ್ನೇ ಕರಗಿಸಿ ಬದುಕುತ್ತದೆ. ಕಿಡ್ನಿ ಕೆಟ್ಟಾಗ, ಹೃದಯ ಸೋತಾಗ, ಕ್ಯಾನ್ಸರ್ ಒಳಗೇ ಬೆಳೆಯುತ್ತಿದ್ದಾಗ ಊಟ ಸೇರದೆ ತೂಕ ಬೀಳುತ್ತದೆ. ಬೀಡಿ ಸಿಗರೇಟು ಸೇದುವವರು ಸಾಮಾನ್ಯವಾಗಿ ತೆಳ್ಳಗಿರುತ್ತಾರೆ, ಅವರ ರಕ್ತನಾಳಗಳ ಸ್ಥಿತಿ ಗೊತ್ತೇ ಇದೆ. ಇಂಥವರನ್ನೆಲ್ಲ ಸರಿ ತೂಕದವರ ಸಾಲಿನಲ್ಲಿ ನಿಲ್ಲಿಸಿ ದಪ್ಪಗಿರುವವರ ಜೊತೆ ಹೋಲಿಸಿದರೆ ಸಹಜವಾಗಿಯೇ ದಪ್ಪದವರು ಗೆಲ್ಲುತ್ತಾರೆ. ಹಾರ್ವರ್ಡ್ ಸಂಶೋಧಕರು 2014ರಲ್ಲಿ ನರ್ಸುಗಳು ಮತ್ತು ಆರೋಗ್ಯ ವೃತ್ತಿಯವರ ಎರಡು ದೀರ್ಘ ಅಧ್ಯಯನಗಳಲ್ಲಿ ಹೊಸದಾಗಿ ಮಧುಮೇಹ ಬಂದವರನ್ನು ಆರಿಸಿ ಸಾವಿನ ಲೆಕ್ಕ ತೆಗೆದರು. ಒಮ್ಮೆಯೂ ಸೇದದವರನ್ನು ಮಾತ್ರ ನೋಡಿದಾಗ ತೂಕ ಏರಿದಂತೆ ಸಾವಿನ ಅಪಾಯವೂ ಏರುತ್ತಲೇ ಹೋಯಿತು. ದಪ್ಪದ ರಕ್ಷಣೆ ಎಂಬುದು ಮಾಯ. ಇದು ಸಾವಿನ ಲೆಕ್ಕವೇ ಹೊರತು ಲಕ್ವದ್ದಲ್ಲ ಎಂಬುದನ್ನು ನೆನಪಿಟ್ಟುಕೊಂಡೇ ಓದಬೇಕು.

ಎರಡನೆಯ ಉತ್ತರ ಸ್ವಲ್ಪ ಸೂಕ್ಷ್ಮ, ಆದರೆ ನನಗೆ ಇದೇ ಹೆಚ್ಚು ಮುಖ್ಯ ಅನಿಸುತ್ತದೆ. ದಪ್ಪಗಿರುವ ಒಬ್ಬರಿಗೆ ಶುಗರ್ ಬರಲು ದಪ್ಪವೇ ಸಾಕಷ್ಟು ಕಾರಣ. ತೆಳ್ಳಗಿರುವವರಿಗೂ ಬಂದಿದೆ ಎಂದರೆ ಬೇರೆ ಏನೋ ಬಲವಾದ ಕಾರಣ ಇದ್ದೇ ಇರಬೇಕು: ಇನ್ಸುಲಿನ್ ಉತ್ಪಾದನೆಯೇ ಕಡಿಮೆ, ಮನೆತನದ ಬಳುವಳಿ, ಲಿವರ್‌ನಲ್ಲಿ ಅಡಗಿದ ಕೊಬ್ಬು, ತಂಬಾಕು. ಅಂದರೆ ತೆಳ್ಳಗಿದ್ದೂ ಮಧುಮೇಹಿ ಆದವರು ಆರೋಗ್ಯವಂತ ತೆಳ್ಳಗಿನವರ ಪ್ರತಿನಿಧಿಗಳಲ್ಲ. ಅಮೆರಿಕದ ಐದು ಅಧ್ಯಯನಗಳನ್ನು ಸೇರಿಸಿ 2012ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಶುಗರ್ ಪತ್ತೆಯಾದಾಗ ಸರಿ ತೂಕ ಇದ್ದವರ ಸಾವಿನ ಪ್ರಮಾಣ ತೂಕ ಹೆಚ್ಚಿದ್ದವರದಕ್ಕಿಂತ ಸುಮಾರು ಎರಡು ಪಟ್ಟಿತ್ತು.

ಮೂರನೆಯದು ನಮ್ಮ ಆಸ್ಪತ್ರೆಗಳಲ್ಲಿ ಯಾರು ಬೇಕಾದರೂ ನೋಡಬಹುದಾದದ್ದು. ಹೊಟ್ಟೆ ಮುಂದಿರುವ ಮನುಷ್ಯ ಬಾಗಿಲಲ್ಲಿ ಕಂಡ ಕೂಡಲೇ ಡಾಕ್ಟರಿಗೆ ಅನುಮಾನ ಬರುತ್ತದೆ. ಬಿಪಿ ನೋಡುತ್ತಾರೆ, ಕೊಲೆಸ್ಟ್ರಾಲ್ ಬರೆಯುತ್ತಾರೆ, ಮಾತ್ರೆ ಬೇಗ ಶುರುವಾಗುತ್ತದೆ. ತೆಳ್ಳಗಿನವರಿಗೆ 'ನಿಮಗೇನೂ ಇಲ್ಲ ಬಿಡಿ' ಎಂಬ ಮಾತು ಹತ್ತು ವರ್ಷ ಸಿಗುತ್ತದೆ. ಆ ಹತ್ತು ವರ್ಷ ಸಕ್ಕರೆ ತನ್ನ ಕೆಲಸ ಮಾಡಿ ಮುಗಿಸಿರುತ್ತದೆ.

ಹಾಗಾದರೆ ತೂಕಕ್ಕೂ ಲಕ್ವಕ್ಕೂ ಸಂಬಂಧವೇ ಇಲ್ಲವೇ? ಇದೆ, ಆದರೆ ಬಳಸುದಾರಿಯಲ್ಲಿ. 2014ರಲ್ಲಿ 97 ಅಧ್ಯಯನಗಳ 18 ಲಕ್ಷ ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು, ಹೆಚ್ಚು ತೂಕದಿಂದ ಬರುವ ಲಕ್ವದ ಅಪಾಯ ಯಾವ ದಾರಿಯಲ್ಲಿ ಬರುತ್ತದೆ ಎಂದು ಲೆಕ್ಕ ಹಾಕಿದರು. ಬಿಪಿ, ಕೊಲೆಸ್ಟ್ರಾಲ್, ಸಕ್ಕರೆ ಈ ಮೂರರ ಮೂಲಕವೇ ಶೇ 76ರಷ್ಟು ಬರುತ್ತಿತ್ತು. ಬಿಪಿಯೊಂದನ್ನೇ ನೋಡಿದರೂ ಅದರ ಪಾಲು ಶೇ 65. ಇದನ್ನು ಇನ್ನೊಮ್ಮೆ ಓದಿ. ದಪ್ಪಗಿರುವುದರಿಂದ ಮೆದುಳಿಗೆ ಆಗುವ ಹೆಚ್ಚುವರಿ ಹಾನಿಯಲ್ಲಿ ಮೂರನೇ ಎರಡು ಭಾಗ ರಕ್ತದೊತ್ತಡದ್ದು. ಉಳಿದದ್ದರಲ್ಲಿ ಗೊರಕೆ ಹೊಡೆಯುತ್ತ ಉಸಿರು ಕಟ್ಟುವ ನಿದ್ರೆಯ ತೊಂದರೆ, ಹೃದಯದ ಬಡಿತ ತಾಳ ತಪ್ಪುವ ತೊಂದರೆ ಮುಂತಾದವು ಸೇರುತ್ತವೆ. ಬಡಿತ ತಾಳ ತಪ್ಪಿದಾಗ ಹೃದಯದಲ್ಲೇ ಹೆಪ್ಪು ಕಟ್ಟಿ ಮೆದುಳಿಗೆ ಹೋಗಬಹುದು. ಇವೆರಡೂ ದಪ್ಪಗಿರುವವರಲ್ಲಿ ಹೆಚ್ಚು.

ಈ ಲೆಕ್ಕವನ್ನು ಪರೀಕ್ಷೆಗೆ ಒಡ್ಡಿದ ಪ್ರಯೋಗಗಳೂ ಇವೆ. ಅಮೆರಿಕದ 16 ಕೇಂದ್ರಗಳಲ್ಲಿ ನಡೆದ 'ಲುಕ್ ಅಹೆಡ್' ಅವುಗಳಲ್ಲಿ ದೊಡ್ಡದು. ತೂಕ ಹೆಚ್ಚಿದ್ದ 5,145 ಮಧುಮೇಹಿಗಳಲ್ಲಿ ಅರ್ಧದಷ್ಟು ಜನರಿಗೆ ಕಟ್ಟುನಿಟ್ಟಿನ ಪಥ್ಯ, ವ್ಯಾಯಾಮ, ಮೇಲ್ವಿಚಾರಣೆ. ಉಳಿದವರಿಗೆ ಸಾಮಾನ್ಯ ತಿಳಿವಳಿಕೆ. ಮೊದಲ ವರ್ಷದಲ್ಲೇ ಮೊದಲ ಗುಂಪಿನವರು ಸರಾಸರಿ ಶೇ 8.6ರಷ್ಟು ತೂಕ ಇಳಿಸಿದರು. ಸುಮಾರು ಹತ್ತು ವರ್ಷವಾದ ಮೇಲೆ ನೋಡಿದರೆ ಹೃದಯಾಘಾತ, ಲಕ್ವ ಇತ್ಯಾದಿ ಸೇರಿಸಿದ ಲೆಕ್ಕದಲ್ಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. 2013ರಲ್ಲಿ ಫಲಿತಾಂಶ ಬಂದಾಗ ಅನೇಕರಿಗೆ ನಿರಾಸೆಯಾಯಿತು.

ಇದರ ಪಕ್ಕದಲ್ಲಿ ಬ್ರಿಟನ್ನಿನ ಒಂದು ಹಳೆಯ ಪ್ರಯೋಗ ಇಟ್ಟು ನೋಡಿ. 1998ರಲ್ಲಿ ಪ್ರಕಟವಾದದ್ದು, ಬಿಪಿಯೂ ಇದ್ದ 1,148 ಮಧುಮೇಹಿಗಳ ಮೇಲೆ ನಡೆದದ್ದು. ಒಂದು ಗುಂಪಿನ ಬಿಪಿ ಸರಾಸರಿ 154/87 ಇತ್ತು, ಇನ್ನೊಂದು ಗುಂಪಿನದನ್ನು ಮಾತ್ರೆ ಕೊಟ್ಟು 144/82ಕ್ಕೆ ತಂದರು. ಬರೀ ಹತ್ತು ಅಂಕಿ. ಲಕ್ವ ಶೇ 44ರಷ್ಟು ಕಡಿಮೆಯಾಯಿತು. 144 ಎಂಬುದು ಇಂದಿನ ಗುರಿಯ ಪ್ರಕಾರ ಹೆಚ್ಚೇ. ಈಗ ಮಧುಮೇಹಿಗಳಿಗೆ ಸಾಮಾನ್ಯವಾಗಿ 130/80ಕ್ಕಿಂತ ಕೆಳಗೆ ಇರಲಿ ಎನ್ನುತ್ತಾರೆ. ಚೀನಾದಲ್ಲಿ ಹನ್ನೆರಡು ಸಾವಿರಕ್ಕೂ ಹೆಚ್ಚು ಮಧುಮೇಹಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗ ಮೇಲಿನ ಅಂಕಿಯನ್ನು 120ಕ್ಕೆ ತಂದರೆ ಇನ್ನೂ ಲಾಭ ಎಂದಿತು, ಆದರೆ ಅದು ಎಲ್ಲರಿಗೂ ಆಗುವುದಿಲ್ಲ. ವಯಸ್ಸಾದವರು ಎದ್ದು ನಿಂತಾಗ ತಲೆಸುತ್ತಿ ಬೀಳುವ ಸಾಧ್ಯತೆಯನ್ನೂ ನೋಡಬೇಕು. ಕೊಲೆಸ್ಟ್ರಾಲ್ ಮಾತ್ರೆಯ ಕಥೆಯೂ ಇಂಥದ್ದೇ. 2004ರಲ್ಲಿ 2,838 ಮಧುಮೇಹಿಗಳ ಮೇಲೆ ನಡೆದ ಪ್ರಯೋಗದಲ್ಲಿ ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ಲಕ್ವವನ್ನು ಶೇ 48ರಷ್ಟು ತಗ್ಗಿಸಿತು. ಈ ಮಾತ್ರೆ ಯಾರ ತೂಕವನ್ನೂ ಇಳಿಸುವುದಿಲ್ಲ.

ಈಚೆಗೆ ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್ ವಿಷಯ ಕೇಳುವವರಿದ್ದಾರೆ. ಸೆಮಾಗ್ಲುಟೈಡ್ ಕೊಟ್ಟ 2016ರ ಪ್ರಯೋಗದಲ್ಲಿ ಸುಮಾರು ಎರಡು ವರ್ಷದಲ್ಲಿ ಲಕ್ವ ಆದವರು ಶೇ 1.6, ಆ ಔಷಧ ಪಡೆಯದವರಲ್ಲಿ ಶೇ 2.7. ಒಳ್ಳೆಯ ಫಲಿತಾಂಶವೇ. ಆದರೆ ಅದು ತೂಕ ಇಳಿದದ್ದರಿಂದಲೇ ಬಂತು ಎನ್ನಲಾಗದು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಗಳೂ ಎರಡು ಮೂರು ಕೆಜಿ ಇಳಿಸುತ್ತವೆ, ಹೃದಯ ಮತ್ತು ಕಿಡ್ನಿಗೆ ಬಹಳ ಉಪಕಾರ ಮಾಡುತ್ತವೆ. ಲಕ್ವದ ಲೆಕ್ಕದಲ್ಲಿ ಮಾತ್ರ ಅವುಗಳಿಂದ ಸ್ಪಷ್ಟ ಇಳಿಕೆ ಕಂಡಿಲ್ಲ. ಡಾಕ್ಟರ ಚೀಟಿ ಇಲ್ಲದೆ, ಪರಿಚಯದವರ ಮಾತು ಕೇಳಿ ಇಂಜೆಕ್ಷನ್ ಕೊಂಡು ಚುಚ್ಚಿಕೊಳ್ಳುವವರಿಗೆ ಇದು ಗೊತ್ತಿರಲಿ.

ತೂಕ ಇಳಿಸುವುದು ವ್ಯರ್ಥ ಎಂದು ಇದರ ಅರ್ಥವಲ್ಲ. ಬ್ರಿಟನ್ನಿನ 'ಡೈರೆಕ್ಟ್' ಪ್ರಯೋಗದಲ್ಲಿ ಕಟ್ಟುನಿಟ್ಟಿನ ಪಥ್ಯ ಮಾಡಿದವರಲ್ಲಿ ಶೇ 46 ಜನರ ಶುಗರ್ ಒಂದು ವರ್ಷದಲ್ಲಿ ಮಾತ್ರೆಯಿಲ್ಲದೆಯೇ ಮಧುಮೇಹದ ಗಡಿಯ ಕೆಳಗೆ ಬಂತು. ಅವರು ಮಧುಮೇಹ ಬಂದು ಆರು ವರ್ಷದೊಳಗಿನವರು, ಇನ್ಸುಲಿನ್ ತೆಗೆದುಕೊಳ್ಳದವರು. ಹೊಟ್ಟೆ ಕರಗಿದರೆ ಬಿಪಿಯೂ ಇಳಿಯುತ್ತದೆ, ಮಂಡಿ ನೋವೂ ಕಡಿಮೆಯಾಗುತ್ತದೆ. ನನ್ನ ತಕರಾರು ಇಷ್ಟೇ: ತೂಕವೊಂದನ್ನೇ ದೇವರು ಮಾಡಿಕೊಂಡು ಉಳಿದದ್ದನ್ನು ಮರೆಯಬಾರದು. ಮಧುಮೇಹಿಗಳ ಫೈಲು ತೆರೆದರೆ ಶುಗರ್ ರಿಪೋರ್ಟುಗಳು ಕಂತೆ ಕಂತೆ ಇರುತ್ತವೆ. ಬಿಪಿ ಬರೆದ ಹಾಳೆ ಹುಡುಕಬೇಕು. ತಲೆನೋವಿಲ್ಲ, ತಲೆಸುತ್ತಿಲ್ಲ, ಆದ್ದರಿಂದ ಬಿಪಿ ಇಲ್ಲ ಎಂಬ ನಂಬಿಕೆ ಬೇರೆ. ಬಿಪಿ ಬಹುಪಾಲು ಜನರಲ್ಲಿ ಯಾವ ಸುಳಿವನ್ನೂ ಕೊಡುವುದಿಲ್ಲ. ಇನ್ನು ಕೆಲವರು ನಾರ್ಮಲ್ ಬಂತು ಎಂದು ಮಾತ್ರೆ ನಿಲ್ಲಿಸುತ್ತಾರೆ. ನಾರ್ಮಲ್ ಬಂದದ್ದು ಮಾತ್ರೆಯಿಂದ.

ಊಟದಲ್ಲೂ ಹೀಗೇ ಒಂದು ಕಣ್ಣು ಮುಚ್ಚಿಕೊಂಡಿದ್ದೇವೆ. ಕಾಫಿಗೆ ಸಕ್ಕರೆ ಬಿಟ್ಟವರು ಅದೇ ನೆಮ್ಮದಿಯಲ್ಲಿ ನಿಪ್ಪಟ್ಟು, ಕೋಡುಬಳೆ, ಖಾರಾಸೇವು ತಿನ್ನುತ್ತಾರೆ. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಕೊನೆಗೆ ಉಪ್ಪು ಹಾಕಿದ ಮಜ್ಜಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ದಿನಕ್ಕೆ ಐದು ಗ್ರಾಂ, ಅಂದರೆ ಇಡೀ ದಿನಕ್ಕೆ ಒಂದು ಸಣ್ಣ ಚಮಚ ಉಪ್ಪು. ಚೀನಾದ 600 ಹಳ್ಳಿಗಳಲ್ಲಿ ಮಾಮೂಲಿ ಉಪ್ಪಿನ ಬದಲು ಪೊಟ್ಯಾಸಿಯಂ ಬೆರೆಸಿದ ಉಪ್ಪು ಕೊಟ್ಟಾಗ ಲಕ್ವ ಶೇ 14ರಷ್ಟು ಇಳಿಯಿತು, 2021ರ ಫಲಿತಾಂಶ ಅದು. ಆದರೆ ಕಿಡ್ನಿ ತೊಂದರೆ ಇರುವ ಮಧುಮೇಹಿಗಳಿಗೆ ಆ ಉಪ್ಪು ಅಪಾಯ, ಡಾಕ್ಟರನ್ನು ಕೇಳದೆ ತರಬೇಡಿ.

ಪ್ರಯತ್ನವಿಲ್ಲದೆ ಇಳಿದ ತೂಕದ ಬಗ್ಗೆ ಒಂದು ಮಾತು. ಶುಗರ್ ಇರುವವರು ಸೊರಗಿದರೆ ನಮ್ಮಲ್ಲಿ ಎರಡು ಬಗೆಯ ಪ್ರತಿಕ್ರಿಯೆ. ಒಬ್ಬರು ಅಯ್ಯೋ ಎನ್ನುತ್ತಾರೆ, ಇನ್ನೊಬ್ಬರು 'ಒಳ್ಳೆಯದಾಯಿತು, ಹೇಗೂ ಇಳಿಸಬೇಕಿತ್ತಲ್ಲ' ಎನ್ನುತ್ತಾರೆ. ಅಯ್ಯೋ ಎನ್ನುವವರೇ ಸರಿ. ಪಥ್ಯವಿಲ್ಲ, ನಡಿಗೆ ಹೆಚ್ಚಿಲ್ಲ, ಆದರೂ ಆರು ತಿಂಗಳಲ್ಲಿ 70 ಕೆಜಿ ಇದ್ದವರು 66ಕ್ಕೆ ಬಂದರೆ ಅದು ಆಸ್ಪತ್ರೆಗೆ ಹೋಗಬೇಕಾದ ಲಕ್ಷಣ. ಅರವತ್ತೈದು ದಾಟಿದವರು ಅನ್ನವನ್ನೂ ಬಿಟ್ಟು, ಬೇಳೆ, ಮೊಟ್ಟೆ, ಮೊಸರೂ ಇಲ್ಲದೆ ಅರೆಹೊಟ್ಟೆಯಲ್ಲಿದ್ದು ತೂಕ ಇಳಿಸುವುದೂ ಸಲ್ಲದು. ಅಲ್ಲಿ ಕರಗುವುದರಲ್ಲಿ ಸ್ನಾಯುವಿನ ಪಾಲು ದೊಡ್ಡದು.

ಲಕ್ವದ ಲಕ್ಷಣ ಕಂಡಾಗ, ಅಂದರೆ ಬಾಯಿ ಒಂದು ಕಡೆ ಸೊಟ್ಟಗಾದಾಗ, ಒಂದು ಕೈ ಎತ್ತಲಾಗದಾಗ, ಮಾತು ತೊದಲಿದಾಗ, 108ಕ್ಕೆ ಕರೆ ಮಾಡಿ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ನಾಟಿ ಔಷಧಿಗೆ ಕರೆದೊಯ್ಯುವುದರಲ್ಲಿ ಆ ಸಮಯ ಹೋಗಿಬಿಡುತ್ತದೆ. ಮಧುಮೇಹಿಗಳಲ್ಲಿ ಶುಗರ್ ತೀರಾ ಇಳಿದಾಗಲೂ ಇವೇ ಲಕ್ಷಣ ಕಾಣಬಹುದು. ಆದ್ದರಿಂದ ಮನೆಯಲ್ಲಿ ಗ್ಲುಕೋಮೀಟರ್ ಇದ್ದರೆ ಆಂಬುಲೆನ್ಸ್ ಬರುವುದರೊಳಗೆ ಬೆರಳು ಚುಚ್ಚಿ ನೋಡಿ, ಅಂಕಿ ಬರೆದಿಟ್ಟುಕೊಂಡು ಡಾಕ್ಟರಿಗೆ ಹೇಳಿ. ನುಂಗಲು ಆಗದವರ ಬಾಯಿಗೆ ಏನನ್ನೂ ಹಾಕಬೇಡಿ.

ಮನೆಯಲ್ಲಿ ಶುಗರ್ ಇರುವ ತೆಳ್ಳಗಿನ ಹಿರಿಯರಿದ್ದರೆ, ನೀವು ಇಷ್ಟು ದಿನ ಅವರ ಬಗ್ಗೆ ಚಿಂತೆ ಮಾಡಿರಲಿಕ್ಕಿಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡಲು ಕಾಸು ಕೇಳುವುದಿಲ್ಲ. ಈ ವಾರವೇ ಕರೆದುಕೊಂಡು ಹೋಗಿ.